ಬಾಜು ಹೊಲದಾಗ ಲೇಔಟ್ ಬರ್ತೈತಾ? ಜೆಸಿಬಿ ಬರೋ ಮೊದಲೇ ಈ ಕೆಲಸ ಮುಗಿಸಿ



ಬೆಳಿಗ್ಗೆ ಹೊಲಕ್ಕೆ ಹೋಗ್ತೀರಿ ಅಂದ್ಕೊಳ್ಳಿ. ಬಾಜು ಹೊಲದಲ್ಲಿ ಸುಣ್ಣದ ಗೆರೆ ಎಳೆದಿದ್ದಾರೆ, ನಾಲ್ಕು ಮೂಲೆಗೆ ಕೆಂಪು ಬಾವುಟ, ಬದುವಿನ ಹತ್ತಿರ ಜೆಸಿಬಿ. ಕೇಳಿದ್ರೆ, "ಲೇಔಟ್ ಆಗಾಕತ್ತೈತ್ರಿ, ಎನ್.ಎ. ಮುಗದೈತಿ" ಅಂತಾರೆ. ನೀವು ಮನೆಗೆ ಬಂದು ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕಿ ಸುಮ್ಮನಾಗ್ತೀರಿ. ಅವರ ಹೊಲ, ಅವರು ಮಾರ್ಕೊಂಡ್ರು, ನಮಗೇನು ಅಂತ.

ನಮಗೇನು ಅನ್ನೋದು ಮಳೆಗಾಲದಲ್ಲಿ ಗೊತ್ತಾಗುತ್ತೆ. ಹಾನಗಲ್ ತಾಲೂಕಿನಲ್ಲಿ ಕೆರೆಗಳು ಬಹಳ. ಧರ್ಮಾ ಕಾಲುವೆ ನೀರು, ಕೆರೆ ನೀರು, ಮಳೆ ನೀರು ಒಂದು ಹೊಲ ದಾಟಿ ಇನ್ನೊಂದು ಹೊಲಕ್ಕೆ ಇಳಿಯೋದು ಇಲ್ಲಿನ ಪದ್ಧತಿ. ಮೇಲಿನ ಹೊಲಕ್ಕೆ ಎರಡಡಿ ಮಣ್ಣು ಏರಿಸಿ ಕಾಂಪೌಂಡ್ ಕಟ್ಟಿದ್ರೆ, ಆ ನೀರು ಎಲ್ಲಿಗೆ ಹೋಗ್ಬೇಕು? ನಿಮ್ಮ ಗೋವಿನಜೋಳದಲ್ಲಿ ನಿಲ್ಲುತ್ತೆ, ಇಲ್ಲಾ ನಿಮ್ಮ ಭತ್ತದ ಗದ್ದೆಗೆ ಬರೋದೇ ನಿಂತು ಹೋಗುತ್ತೆ. ಚಕ್ಕಡಿ ದಾರಿಗೆ ಗೇಟ್ ಬಿದ್ರೆ ಟ್ರ್ಯಾಕ್ಟರ್ ಒಳಗೆ ಹೋಗಲ್ಲ. ಆಮೇಲೆ ಕೋರ್ಟಿಗೆ ಓಡಾಡೋದಕ್ಕಿಂತ, ಯೋಜನೆ ಇನ್ನೂ ಕಾಗದದ ಮೇಲಿದ್ದಾಗ ಒಂದು ಅರ್ಜಿ ಕೊಡೋದು ಸಾವಿರ ಪಾಲು ಸುಲಭ.

ಆಡೂರಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ಬಾದಾಮಿ ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಜಿನಾಲಯಕ್ಕೆ ಭೂಮಿ ಬಿಟ್ಟದ್ದನ್ನು ಕಲ್ಲಿನ ಮೇಲೆ ಕೆತ್ತಿಸಿದ ಊರು ಅದು. ಭೂಮಿ ವಿಷಯ ಬಾಯಿಮಾತಲ್ಲಿ ಇರಬಾರದು, ಬರಹದಲ್ಲಿ ಇರಬೇಕು ಅನ್ನೋದು ಆಗಲೇ ಗೊತ್ತಿತ್ತು. ಈಗ ಕಲ್ಲು ಬೇಡ, ಕೈಯಲ್ಲಿರೋ ಫೋನು ಸಾಕು.

ಮೊದಲು ತಿಳ್ಕೊಳ್ಳಿ: ಇದು ಯಾವ ನಮೂನೆ ಯೋಜನೆ?

ಎಲ್ಲದಕ್ಕೂ ಒಂದೇ ಕಚೇರಿ, ಒಂದೇ ಕಾಯ್ದೆ ಇಲ್ಲ. ತಪ್ಪು ಬಾಗಿಲು ಬಡಿದ್ರೆ ದಿನ ಕಳೆದು ಹೋಗುತ್ತೆ.

1. ಖಾಸಗಿ ಲೇಔಟ್, ಗೋದಾಮು, ಪೆಟ್ರೋಲ್ ಬಂಕ್: ಸಾಮಾನ್ಯವಾಗಿ ಕೃಷಿ ಜಮೀನನ್ನು ಬಿನ್‌ಶೇತ್ಕಿ ಮಾಡಿಸಬೇಕು. ಇದು ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 95ರ ಪ್ರಕಾರ ಜಿಲ್ಲಾಧಿಕಾರಿ ಕಚೇರಿಯ ಕೆಲಸ. ಲೇಔಟ್ ನಕ್ಷೆಗೆ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ 1961ರ ಅಡಿ ಬೇರೆ ಮಂಜೂರಾತಿ ಬೇಕು. ಎನ್.ಎ. ಆದೇಶ ಬಂದ ಕೂಡಲೇ ಲೇಔಟ್ ಪಾಸಾದಂಗೆ ಅಲ್ಲ, ಇದು ನೆನಪಿರಲಿ. ಬಾಜು ಹೊಲದವರಿಗೆ ಮನೆಗೆ ನೋಟಿಸ್ ಬರುತ್ತೆ ಅಂತ ಕಾಯಬೇಡಿ. ನೀವೇ ಹೋಗಿ ಕೇಳಬೇಕು.

2. ಕೆಐಎಡಿಬಿ ಕೈಗಾರಿಕಾ ಪ್ರದೇಶ: 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಕಲಂ 28(1)ರ ಅಡಿ ಪ್ರಾಥಮಿಕ ಅಧಿಸೂಚನೆ ಆದಮೇಲೆ ಭೂಮಾಲೀಕರಿಗೆ ನೋಟಿಸ್ ಕೊಡ್ತಾರೆ. ನೋಟಿಸ್ ಕೈಗೆ ಬಂದ 30 ದಿನದಲ್ಲಿ ಆಕ್ಷೇಪಣೆ ಹಾಕಬೇಕು, ವಿಚಾರಣೆ ಆಗ್ಬೇಕು. ಕಲಂ 28(4)ರ ಅಂತಿಮ ಅಧಿಸೂಚನೆ ಆದ್ಮೇಲೆ ಭೂಮಿ ಸರ್ಕಾರದ್ದು.

3. ರಾಷ್ಟ್ರೀಯ ಹೆದ್ದಾರಿ: 3ಎ ಅಧಿಸೂಚನೆ ಪ್ರಕಟವಾದ 21 ದಿನದಲ್ಲಿ ಆಕ್ಷೇಪಣೆ. ಪೇಪರ್‌ನಲ್ಲಿ ಬಂದದ್ದನ್ನ ನೋಡದೇ ಇದ್ರೆ ಅವಧಿ ಮುಗಿದೇ ಹೋಗುತ್ತೆ.

4. ಬೇರೆ ಸರ್ಕಾರಿ ಸ್ವಾಧೀನ: 2013ರ ಭೂಸ್ವಾಧೀನ ಕಾಯ್ದೆ ಅಡಿ ಆದ್ರೆ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ 60 ದಿನ ಸಮಯ ಇರುತ್ತೆ.

5. ಮಾಸ್ಟರ್ ಪ್ಲಾನ್: ಪಟ್ಟಣದ ಹತ್ತಿರದ ಹಳ್ಳಿಗಳು ಸ್ಥಳೀಯ ಯೋಜನಾ ಪ್ರದೇಶದೊಳಗೆ ಸೇರಿರಬಹುದು. ಹಾಗಿದ್ರೆ ಯಾವ ಸರ್ವೆ ನಂಬರ್ ಹಸಿರು ವಲಯ, ಯಾವುದು ವಸತಿ ವಲಯ ಅನ್ನೋದು ಆ ಪ್ಲಾನಿನಲ್ಲೇ ತೀರ್ಮಾನ ಆಗಿರುತ್ತೆ. ಕರಡು ಪ್ಲಾನ್ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳ್ತಾರೆ. ರೈತರು ಹೆಚ್ಚಾಗಿ ತಪ್ಪಿಸ್ಕೊಳ್ಳೋದು ಇದನ್ನೇ, ಯಾಕಂದ್ರೆ ಆಗ ಹೊಲದಲ್ಲಿ ಜೆಸಿಬಿ ಇರಲ್ಲ, ಬರೀ ಬಣ್ಣದ ನಕ್ಷೆ ಇರುತ್ತೆ. ನಿಮ್ಮ ಊರು ಯೋಜನಾ ಪ್ರದೇಶದಲ್ಲಿ ಇದೆಯಾ ಅಂತ ಹಾವೇರಿಯ ನಗರ ಮತ್ತು ಗ್ರಾಮಾಂತರ ಯೋಜನಾ ಕಚೇರಿಯಲ್ಲಿ ಒಮ್ಮೆ ಕೇಳಿ ಬನ್ನಿ.

ಫೋನಿನಲ್ಲೇ ಅರ್ಧ ಕೆಲಸ

- ಭೂಮಿ ಜಾಲತಾಣದಲ್ಲಿ ಆ ಸರ್ವೆ ನಂಬರಿನ ಉತಾರ ನೋಡಿ. 9ನೇ ಕಾಲಂನಲ್ಲಿ ಮಾಲೀಕರು, 11ರಲ್ಲಿ ಸಾಲ, ಹಕ್ಕು, ಋಣ. ಜಮೀನು ಸ್ವಾಧೀನದಲ್ಲಿದ್ರೂ 11ರಲ್ಲಿ ನಮೂದು ಇರಬಹುದು. ನಿಮ್ಮದೇ ಉತಾರವನ್ನು ಮೂರು ತಿಂಗಳಿಗೊಮ್ಮೆ ನೋಡೋ ರೂಢಿ ಮಾಡ್ಕೊಳ್ಳಿ.
- ಅದೇ ಉತಾರದ 3ನೇ ಕಾಲಂನಲ್ಲಿ ಖರಾಬು ನೋಡಿ. "ಬಿ ಖರಾಬು" ಅಂತ ಇದ್ರೆ ಅದು ದಾರಿ, ಹಳ್ಳ, ಕೆರೆ, ಸ್ಮಶಾನ ಅಂತ ಸಾರ್ವಜನಿಕರಿಗೆ ಬಿಟ್ಟ ಜಾಗ. ಅದು ಮಾಲೀಕರ ಆಸ್ತಿ ಅಲ್ಲ, ಸೈಟ್ ಮಾಡಿ ಮಾರೋ ಹಂಗಿಲ್ಲ.
- ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ. ಹೊಲದಲ್ಲಿ ನಿಂತು ತೆರೆದ್ರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತೀರಿ ಅಂತ ತೋರಿಸುತ್ತೆ. ಆದ್ರೆ ಹದ್ದಿನ ಜಗಳಕ್ಕೆ ಇದೇ ಕೊನೇ ಸಾಕ್ಷಿ ಅಲ್ಲ, ಅದಕ್ಕೆ ಸರ್ವೆಯವರ ಅಳತೆಯೇ ಬೇಕು.
- ಕಂದಾಯ ಇಲಾಖೆ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸ್ಕೊಳ್ಳಿ. ಬಂಡಿದಾರಿ, ಹಳ್ಳ ಎಲ್ಲಿ ಹಾದು ಹೋಗಿದೆ ಅಂತ ಅದರಲ್ಲಿ ಗೆರೆ ಇರುತ್ತೆ. ನಕ್ಷೆಯಲ್ಲಿ ಇರೋ ದಾರಿ ನಿಮ್ಮ ದೊಡ್ಡ ಬಲ.
- ದೊಡ್ಡ ಲೇಔಟ್ ಆದ್ರೆ ರೇರಾ ಜಾಲತಾಣದಲ್ಲಿ ಹುಡುಕಿ. 500 ಚದರ ಮೀಟರ್ ಮೀರಿದ ಜಾಗದ ಯೋಜನೆಗೆ ನೋಂದಣಿ ಮಾಡದೇ ಸೈಟ್ ಮಾರೋದು, ಜಾಹೀರಾತು ಕೊಡೋದು ತಪ್ಪು.

ಸಿಗದೇ ಇದ್ದ ಕಾಗದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಎನ್.ಎ. ಆದೇಶ, ಲೇಔಟ್ ನಕ್ಷೆ, ಸ್ಥಳ ಪರಿಶೀಲನೆ ವರದಿ, ಈ ಮೂರನ್ನೂ ಹೆಸರು ಹಿಡಿದು ಕೇಳಿ. "ಎಲ್ಲಾ ಮಾಹಿತಿ ಕೊಡಿ" ಅಂತ ಬರೆದ್ರೆ ಏನೂ ಸಿಗಲ್ಲ.

ಆಕ್ಷೇಪಣೆ ಬರೆಯೋದು ಹೇಗೆ?

"ನಮಗೆ ಅನ್ಯಾಯ ಆಗೈತಿ, ಯೋಜನೆ ರದ್ದು ಮಾಡ್ರಿ" ಅಂತ ಒಂದೇ ಸಾಲು ಬರೆದ ಅರ್ಜಿ ಕಡತದ ತಳಕ್ಕೆ ಹೋಗುತ್ತೆ. ಅಧಿಕಾರಿ ಓದಿದ ಕೂಡಲೇ ಸ್ಥಳಕ್ಕೆ ಬಂದು ನೋಡ್ಲೇಬೇಕು ಅನ್ನಿಸೋ ಹಂಗೆ ಬರೀರಿ. ನಾಲ್ಕು ವಿಷಯ ಸಾಕು:

1. ನಾನು ಯಾರು: ನನ್ನ ಸರ್ವೆ ನಂಬರ್, ಕ್ಷೇತ್ರ, ಬೆಳೆ, ಪ್ರಸ್ತಾಪಿತ ಜಾಗದಿಂದ ಯಾವ ದಿಕ್ಕಿಗೆ ಇದೆ.
2. ಏನು ತೊಂದರೆ: "ಈ ಜಾಗದ ಮೂಡಣ ಬದುವಿನಲ್ಲಿ ಹರಿಯುವ ಹಳ್ಳವೇ ಕೆಳಗಿನ ಹೊಲಗಳ ನೀರು ಹೊರಹೋಗುವ ಏಕೈಕ ದಾರಿ. ಲೇಔಟ್ ನಕ್ಷೆಯಲ್ಲಿ ಅದನ್ನು ತೋರಿಸಿಲ್ಲ."
3. ಸಾಕ್ಷಿ ಏನು: ಗ್ರಾಮ ನಕ್ಷೆ, ಉತಾರ, ತಾರೀಕು ಮತ್ತು ಜಿಪಿಎಸ್ ಬರೋ ಫೋಟೊ. ಮಳೆ ಬಂದಾಗ ನೀರು ಹರಿಯೋ ವಿಡಿಯೊ ಈಗಲೇ ಮಾಡಿಟ್ಕೊಳ್ಳಿ, ಬೇಸಿಗೆಯಲ್ಲಿ ಬೇಕಂದ್ರೆ ಸಿಗಲ್ಲ.
4. ಏನು ಬೇಕು: ಸ್ಥಳ ಪರಿಶೀಲನೆ ಮಾಡಿ, ಹಳ್ಳ ಮತ್ತು ದಾರಿ ಅಳತೆ ಮಾಡಿ ಗುರುತು ಹಾಕಿ, ಅಲ್ಲಿವರೆಗೆ ಮಂಜೂರಾತಿ ಕೊಡಬೇಡಿ, ವಿಚಾರಣೆಗೆ ನನ್ನನ್ನೂ ಕರೀರಿ.

ಕೈಯಲ್ಲಿ ಕೊಟ್ರೆ ಇನ್ನೊಂದು ಪ್ರತಿ ಮೇಲೆ ಸ್ವೀಕೃತಿ ಮೊಹರು ಹಾಕಿಸ್ಕೊಳ್ಳಿ. "ಇಟ್ಟು ಹೋಗ್ರಿ, ಸಾಹೇಬ್ರಿಗೆ ಕೊಡ್ತೀವಿ" ಅಂದ್ರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ. ಹತ್ತು ಜನ ರೈತರು ಇದ್ರೆ ಒಂದೇ ಅರ್ಜಿಗೆ ಹತ್ತು ಸಹಿ ಹಾಕೋದಕ್ಕಿಂತ ಹತ್ತು ಅರ್ಜಿ ಕೊಡಿ, ಒಬ್ಬೊಬ್ಬರ ತೊಂದರೆ ಬೇರೆ ಬೇರೆ ಬರೀರಿ.

ಪಂಚಾಯಿತಿಯನ್ನೂ ಬಿಡಬೇಡಿ. ಗ್ರಾಮಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೀಬೇಕು. ಅಲ್ಲಿ ಮನೆ, ಚರಂಡಿ, ಬೀದಿದೀಪದ ಮಾತು ಮುಗಿದ ಕೂಡಲೇ ಎಲ್ಲರೂ ಏಳ್ತಾರೆ. ನೀವು ಕೂತು, "ನಮ್ಮೂರ ಹದ್ದಿನಾಗ ಬರೋ ಯೋಜನೆ ಯಾವ್ಯಾವು? ಕೆರೆ ಕಾಲುವೆ, ದಾರಿ ಉಳಿಸಬೇಕಂತ ಠರಾವು ಬರೀರಿ" ಅಂತ ಪಿಡಿಒ ಅವರನ್ನ ಕೇಳಿ. ಠರಾವು ಪುಸ್ತಕದಲ್ಲಿ ಬರೆಯೋ ತನಕ ಏಳಬೇಡಿ. ಪಂಚಾಯಿತಿ ಠರಾವಿನಿಂದಲೇ ಯೋಜನೆ ನಿಲ್ಲಲಿಕ್ಕಿಲ್ಲ, ಆದ್ರೆ ಮುಂದೆ ಜಿಲ್ಲಾಧಿಕಾರಿ ಎದುರಿಗೂ ಕೋರ್ಟಿನಲ್ಲೂ ಅದು ತೂಕದ ಕಾಗದ.

ನಮ್ಮ ತಾಲೂಕಿನದೇ ಪಾಠ: ಕುಸನೂರು, 1987

ಇದೆಲ್ಲಾ ಮಾಡಿದ್ರೆ ಏನಾದ್ರೂ ಆಗುತ್ತಾ ಅಂತ ಕೇಳೋ ತಮ್ಮಂದಿರಿಗೆ ಹಾನಗಲ್ ತಾಲೂಕಿನದೇ ಒಂದು ಕಥೆ ಹೇಳ್ತೀನಿ. ನಿಮ್ಮ ಅಜ್ಜಂದಿರಿಗೆ ಗೊತ್ತಿರುತ್ತೆ.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಜಂಟಿ ಕಂಪನಿ ಮಾಡಿದವು. ಸರ್ಕಾರದ ಕಡೆಯ ಪಾಲು 51, ಕಂಪನಿಯದ್ದು 49. ಕಾರ್ಖಾನೆಗೆ ನೀಲಗಿರಿ ಬೆಳೆಸೋಕೆ ಸುಮಾರು 30,000 ಹೆಕ್ಟೇರ್ ಜಾಗ ಕೊಡೋ ತೀರ್ಮಾನ ಆಯ್ತು. ಅದು ಯಾವ ಜಾಗ? ಹಳ್ಳಿಯವರು ದನ ಮೇಯಿಸೋ, ಕಟ್ಟಿಗೆ ತರೋ ಸಾರ್ವಜನಿಕ ಭೂಮಿ. ಕಡತದಲ್ಲಿ ಅದು ಪಾಳು ನೆಲ, ಊರಿಗೆ ಅದು ಮೇವಿನ ಕಣಜ.

ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಹಳ್ಳಿಗಳಲ್ಲಿ ಜನರನ್ನ ಸೇರಿಸಿದರು. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ಕೋರ್ಟು ತಡೆ ಕೊಟ್ಟಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿ ಕಂಪನಿಯ ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ಹಣ್ಣು, ಮೇವು ಕೊಡೋ ಗಿಡ ಹಚ್ಚಿದರು. "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಅಂತಲೇ ಅದು ಹೆಸರಾಯ್ತು. 1991ರ ಹೊತ್ತಿಗೆ ಆ ಜಂಟಿ ಕಂಪನಿಯೇ ಮುಚ್ಚಿತು.

ಕಿತ್ತದ್ದನ್ನೇ ಎಲ್ಲರೂ ನೆನಪಿಡ್ತಾರೆ. ಆದ್ರೆ ಕೀಳೋ ಮೊದಲು ವರ್ಷಗಟ್ಟಲೆ ಅರ್ಜಿ, ದಾಖಲೆ, ಸಭೆ ಇತ್ತು ಅನ್ನೋದನ್ನ ಮರೀಬೇಡಿ. ಕಾಗದ ಗಟ್ಟಿ ಇದ್ದದ್ದಕ್ಕೇ ಹೋರಾಟ ಗಟ್ಟಿ ಆಯ್ತು.

ಈಚಿನ ಉದಾಹರಣೆ ದೇವನಹಳ್ಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನಕ್ಕೆ ಕೆಐಎಡಿಬಿ ಹೊರಟಿತ್ತು. ರೈತರು 2022ರ ಏಪ್ರಿಲ್‌ನಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದಾಗಿ ಹೇಳಿದರು, ಸ್ವಇಚ್ಛೆಯಿಂದ ಕೊಡೋರ ಭೂಮಿ ಮಾತ್ರ ತಗೊಳ್ತೀವಿ ಅಂದರು. ಗೆದ್ದರು, ಹೌದು. ಆದ್ರೆ ಮೂರು ವರ್ಷದ ಮೇಲೆ ಆಯ್ತು. ಅಷ್ಟು ದಿನ ಹೊಲ ಬಿಟ್ಟು ಕೂರೋ ಶಕ್ತಿ ಎಷ್ಟು ಮನೆಗೆ ಇರುತ್ತೆ ಲೆಕ್ಕ ಹಾಕಿ.

ನೀವೇ ಮಾರೋರಾದ್ರೆ?

ಎಲ್ಲಾ ಯೋಜನೆನೂ ಕೆಟ್ಟದ್ದು ಅಂತ ನಮ್ಮ ವಾದ ಅಲ್ಲ. ಊರಿಗೆ ಶೀತಲ ಗೃಹ ಬೇಕು, ಗೋದಾಮು ಬೇಕು, ಮನೆ ಕಟ್ಟೋರಿಗೆ ಸೈಟ್ ಬೇಕು. ಮಗಳ ಮದುವೆ, ಸಾಲ, ಆಸ್ಪತ್ರೆ ಅಂತ ಎರಡೆಕರೆ ಮಾರೋ ಪರಿಸ್ಥಿತಿ ಯಾರಿಗೂ ಬರಬಹುದು. 2020ರ ಭೂಸುಧಾರಣಾ ತಿದ್ದುಪಡಿ ಆದ್ಮೇಲೆ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು, ಹಂಗಾಗಿ ದಲ್ಲಾಳಿಗಳ ಓಡಾಟವೂ ಜಾಸ್ತಿ. ಮಾರೋದಾದ್ರೆ ಇಷ್ಟು ನೋಡ್ಕೊಳ್ಳಿ:

- ಸಣ್ಣ ಮೊತ್ತದ ಸಂಚಕಾರ ಕೊಟ್ಟು ವರ್ಷಗಟ್ಟಲೆ ಅವಧಿ ಬರೆಸ್ಕೊಂಡ್ರೆ ನಿಮ್ಮ ಹೊಲ ನಿಮಗೇ ಕಟ್ಟಿಹಾಕಿದಂಗೆ. ಅವಧಿ ಕಡಿಮೆ ಇರಲಿ, ಮೀರಿದ್ರೆ ಏನು ಅಂತಲೂ ಬರೆದಿರಲಿ.
- ಜನರಲ್ ಪವರ್ ಆಫ್ ಅಟಾರ್ನಿಗೆ ವಕೀಲರಿಗೆ ತೋರಿಸದೇ ಸಹಿ ಬೇಡ.
- ಅಕ್ಕತಂಗಿಯರ ಪಾಲು ಇತ್ಯರ್ಥ ಮಾಡ್ಕೊಂಡೇ ಮುಂದುವರೀರಿ.
- ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದ್ರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರಾಟ ನಿಲ್ಲಲ್ಲ.
- ಉಳಿದ ಹೊಲಕ್ಕೆ ದಾರಿ, ನೀರಿನ ಕಾಲುವೆ ಎಷ್ಟು ಅಡಿ ಅಂತ ಖರೀದಿ ಪತ್ರದಲ್ಲೇ ಬರೆಸಿ. "ಬಿಡ್ತೀವಿ ತಗೋರಿ ಕಾಕಾ" ಅನ್ನೋ ಮಾತು ಮುಂದಿನ ಮಾಲೀಕನಿಗೆ ಗೊತ್ತಿರಲ್ಲ.

ಈ ವಾರದ ಕೆಲಸ

ಭಾನುವಾರ ಒಂದು ತಾಸು ತೆಗೀರಿ. ಗ್ರಾಮ ನಕ್ಷೆ ಇಳಿಸ್ಕೊಂಡು ಮನೆಯ ಹಿರಿಯರ ಜೊತೆ ಹೊಲ ಸುತ್ತಿ. "ಅಜ್ಜಾ, ನೀರು ಎಲ್ಲಿಂದ ಬರ್ತಿತ್ತು, ಎಲ್ಲಿ ಹೋಗ್ತಿತ್ತು? ದಾರಿ ಯಾವ ಕಡೆ ಇತ್ತು?" ಅಂತ ಕೇಳಿ. ಅವರು ತೋರಿಸಿದ ಜಾಗದಲ್ಲಿ ನಿಂತು ಫೋಟೊ ತೆಗೀರಿ, ನಕ್ಷೆಯ ಮೇಲೆ ಗುರುತು ಹಾಕಿ. ನಕ್ಷೆಯಲ್ಲಿಲ್ಲದ ಎಷ್ಟೋ ವಿಷಯ ಅವರ ತಲೆಯಲ್ಲಿ ಮಾತ್ರ ಇದೆ. ಸುಣ್ಣದ ಗೆರೆ ಬೀಳೋ ಮೊದಲೇ ಅದನ್ನ ನಿಮ್ಮ ಫೋನಿಗೆ ಇಳಿಸ್ಕೊಳ್ಳಿ.