ಉಸಿರೆಣಿಸುವವರ ಕೈಗೆ ಮದ್ದು

ಬಡ ದೇಶಗಳಲ್ಲಿ ಹುಟ್ಟಿದ ಮೊದಲ ತಿಂಗಳನ್ನು ದಾಟಿದ ಮಕ್ಕಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ಕಾಯಿಲೆಗಳೆಂದರೆ ನ್ಯುಮೋನಿಯಾ, ಭೇದಿ ಮತ್ತು ಮಲೇರಿಯಾ. ಮೂರಕ್ಕೂ ಅಗ್ಗದ ಮದ್ದಿದೆ. ಅದನ್ನು ಬರೆದುಕೊಡುವ ವೈದ್ಯರು ಮಾತ್ರ ಹಳ್ಳಿಯಲ್ಲಿಲ್ಲ. ಅದೇ ಊರಿನ, ಅಲ್ಪಸ್ವಲ್ಪ ಓದಿದ ಹೆಂಗಸಿಗೆ ತರಬೇತಿ ಕೊಟ್ಟು ಆಂಟಿಬಯಾಟಿಕ್ ಒಪ್ಪಿಸಬಹುದೇ ಎಂಬ ಪ್ರಶ್ನೆ ವೈದ್ಯಲೋಕವನ್ನು ಬಹುಕಾಲ ಕಾಡಿತು. ಅವಳಿಂದ ಆಗುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿ ಮೂರು ದಶಕ ದಾಟಿದೆ. ಇಂದಿನ ತೊಡಕು ಇರುವುದು ಅವಳ ಬೆನ್ನಿಗೆ ನಿಲ್ಲಬೇಕಾದ ವ್ಯವಸ್ಥೆಯಲ್ಲಿ.

ನ್ಯುಮೋನಿಯಾವನ್ನೇ ನೋಡೋಣ. ಸ್ಟೆತಸ್ಕೋಪ್, ಎಕ್ಸ್‌ರೇ ಇಲ್ಲದೆ ಅದನ್ನು ಗುರುತಿಸುವುದು ಹೇಗೆ? ಅಳದ, ಹಾಲು ಕುಡಿಯುತ್ತಿರದ ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿ, ಅಂಗಿ ಮೇಲೆತ್ತಿ, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ಎಣಿಕೆ 50 ಮುಟ್ಟಿದರೆ, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ, ಅಮಾಕ್ಸಿಸಿಲಿನ್. ನೀರಿನಲ್ಲಿ ಕರಗುವ ಮಾತ್ರೆ, ದಿನಕ್ಕೆರಡು ಹೊತ್ತು. ಮಗು ಏನನ್ನೂ ಕುಡಿಯಲಾರದೆ ಇದ್ದರೆ, ಫಿಟ್ಸ್ ಬಂದರೆ, ಎಚ್ಚರಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಈ ಕೆಲಸಕ್ಕೆ ಅನಕ್ಷರಸ್ಥ ಸೂಲಗಿತ್ತಿಯರನ್ನೂ ಸೇರಿಸಿಕೊಂಡರು. ಅಂಥವರಿಗೆಂದೇ ಒಂದು ನಿಮಿಷದ ಮರಳು ಗಡಿಯಾರವೂ ಮಣಿಗಳ ಸಾಲೂ ಇರುವ ಸಲಕರಣೆ ರೂಪಿಸಿದರು: ಹತ್ತು ಉಸಿರಿಗೆ ಒಂದು ಮಣಿ ಸರಿಸಿದರಾಯಿತು. ನ್ಯುಮೋನಿಯಾ ಸಾವುಗಳು ಇಳಿದವು ಎಂಬ ಅವರ ವರದಿ 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ಹೀಗೆ ಕೊಟ್ಟರೆ ಆಂಟಿಬಯಾಟಿಕ್ ಪೋಲಾಗಿ ರೋಗಾಣುಗಳು ಅದಕ್ಕೆ ಬಗ್ಗದಂತಾಗುವುದಿಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ವೈರಸ್ ತಗುಲಿದ ಮಗುವೂ ವೇಗವಾಗಿ ಉಸಿರಾಡಬಹುದು, ಅದಕ್ಕೂ ಮಾತ್ರೆ ಬೀಳುತ್ತದೆ. ಆದರೆ ಹೋಲಿಕೆ ಯಾವುದರ ಜೊತೆ? ಹಳ್ಳಿಗೆ ಬಾರದ ಮಕ್ಕಳ ತಜ್ಞರ ಜೊತೆಯಲ್ಲ. ಕೆಮ್ಮು ಎಂದೊಡನೆ ಕೈಗೆ ಸಿಕ್ಕ ಮಾತ್ರೆ ಕೊಡುವ ಅಂಗಡಿಯ ಜೊತೆ. ಎಣಿಕೆ ಕಡಿಮೆ ಇದ್ದರೆ ‘ಬೇಡ’ ಎನ್ನುವ ನಿಯಮ ಅಂಗಡಿಯವನಿಗಿಲ್ಲ. ಇನ್ನು ಕಾಯಿಲೆ ಜೋರಾಗಿದ್ದರೆ ಮನೆಯ ಮಟ್ಟದಲ್ಲಿ ನಿಭಾಯಿಸುವುದು ಅಪಾಯ ಎನ್ನುವವರಿಗೆ ಪಾಕಿಸ್ತಾನದ ಹರಿಪುರ ಜಿಲ್ಲೆಯ ಅಧ್ಯಯನ ಉತ್ತರ ಕೊಡುತ್ತದೆ. ಅಲ್ಲಿನ ‘ಲೇಡಿ ಹೆಲ್ತ್ ವರ್ಕರ್’ಗಳು ತೀವ್ರ ನ್ಯುಮೋನಿಯಾಕ್ಕೆ ಮನೆಯಲ್ಲೇ ಅಮಾಕ್ಸಿಸಿಲಿನ್ ಕೊಟ್ಟಾಗ ಚಿಕಿತ್ಸೆ ವಿಫಲವಾದದ್ದು ಸುಮಾರು ಶೇ. 9ರಷ್ಟು ಮಕ್ಕಳಲ್ಲಿ, ಮೊದಲ ಡೋಸ್ ಕೊಟ್ಟು ಆಸ್ಪತ್ರೆಗೆ ಕಳಿಸುವ ಹಳೆಯ ಪದ್ಧತಿಯಲ್ಲಿ ಅದು ಶೇ. 18.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇಥಿಯೋಪಿಯದಿಂದ ಬಂದದ್ದು. ಅಲ್ಲಿ 2003ರಿಂದ ಸರ್ಕಾರ ಹೆಣ್ಣುಮಕ್ಕಳಿಗೆ ಒಂದು ವರ್ಷ ತರಬೇತಿ ಕೊಟ್ಟು, ಸಂಬಳದ ಮೇಲೆ, ಸುಮಾರು 5,000 ಜನಕ್ಕೆ ಇಬ್ಬರಂತೆ ನೇಮಿಸಿತು. 2010ರ ಹೊತ್ತಿಗೆ ನ್ಯುಮೋನಿಯಾ ಚಿಕಿತ್ಸೆಗೂ ಅನುಮತಿ ಕೊಟ್ಟಿತು. ಆದರೂ ಒರೊಮಿಯಾ ಪ್ರಾಂತ್ಯದ ಜಿಮ್ಮಾ, ಪಶ್ಚಿಮ ಹರಾರ್ಗೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಈ ಚಿಕಿತ್ಸೆಯ ಕಾರ್ಯಕ್ರಮ ಇದ್ದ ಕಡೆಗೂ ಇಲ್ಲದ ಕಡೆಗೂ ಮಕ್ಕಳ ಸಾವಿನ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶವನ್ನು ಜಾರಿಸಿ ಮುಂದೆ ಹೋಗುವುದು ಸರಿಯಲ್ಲ. ಆದರೆ ಕಾರ್ಯಕ್ರಮ ಸೋತದ್ದೆಲ್ಲಿ? ಕಾಯಿಲೆ ಬಿದ್ದ ಮಕ್ಕಳಲ್ಲಿ ಆ ಹೆಣ್ಣುಮಕ್ಕಳಿದ್ದ ಆರೋಗ್ಯ ಕೇಂದ್ರಗಳಿಗೆ ಬಂದವರೇ ತೀರಾ ಕಡಿಮೆ. ಬಾರದ ಮಗುವಿನ ಉಸಿರನ್ನು ಎಷ್ಟೇ ನುರಿತವಳಾದರೂ ಎಣಿಸಲಾರಳು. ತಾಯಂದಿರು ಬರಬೇಕಾದರೆ ಕೇಂದ್ರದ ಬಾಗಿಲು ತೆರೆದಿರಬೇಕು, ಬಂದ ದಿನ ಮಾತ್ರೆ ಇರಬೇಕು. ಒಮ್ಮೆ ಬರಿಗೈಯಲ್ಲಿ ಮರಳಿದ ತಾಯಿ ಮುಂದಿನ ಸಲ ನೇರವಾಗಿ ಅಂಗಡಿಗೇ ಹೋಗುವುದರಲ್ಲಿ ಅಚ್ಚರಿಯಿಲ್ಲ.

ಸಂಬಳದ ಮಾತೂ ಇದರೊಂದಿಗೇ ಸೇರಿದೆ. ನೇಪಾಳದ ಮಹಿಳಾ ಆರೋಗ್ಯ ಸ್ವಯಂಸೇವಕಿಯರು 1988ರಿಂದ ತಿಂಗಳ ಸಂಬಳವಿಲ್ಲದೆ ದುಡಿದು ಬಂದಿದ್ದಾರೆ. ಸೇವಾಭಾವ ಕೆಡುತ್ತದೆಂದು ಸಂಬಳ ಬೇಡವೆನ್ನುವವರು ಅದೇ ಮಾತನ್ನು ವೈದ್ಯರಿಗೆ ಹೇಳಿದ್ದನ್ನು ಯಾರೂ ಕೇಳಿಲ್ಲ. ಕೆಲಸಕ್ಕೆ ತಕ್ಕ ವೇತನ ಕೊಡಬೇಕು, ಕೇವಲ ಪ್ರೋತ್ಸಾಹಧನವನ್ನೇ ನೆಚ್ಚಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತ ನಮ್ಮ ಆಶಾ ಕಾರ್ಯಕರ್ತೆಯರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.