ಮನೆಗೆ ಯಾವ ಇಂಗ್ಲಿಷ್ ಬೈಬಲ್ ತರೋಣ?



ಸೆಪ್ಟೆಂಬರ್ 30 ಸಂತ ಜೆರೋಮರ ಹಬ್ಬ. ಪವಿತ್ರ ಗ್ರಂಥವನ್ನು ಅಂದಿನ ಜನರ ಲ್ಯಾಟಿನ್ ಭಾಷೆಗೆ ತಂದುಕೊಟ್ಟ ಈ ಮಹಾನುಭಾವರನ್ನು ನೆನೆಯುವ ಹೊತ್ತಿನಲ್ಲಿ, ಗುಬ್ಬಿ, ತುಮಕೂರು, ಕುಣಿಗಲ್ ಕಡೆಯ ನಮ್ಮ ಮನೆಗಳ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ಆಡುವುದು ಕನ್ನಡವೇ. ಆದರೆ ಕನ್ನಡ ಬೈಬಲನ್ನು ಕೈಗಿಟ್ಟರೆ ಒತ್ತಕ್ಷರಗಳಲ್ಲಿ ಎಡವಿ, ಎರಡು ಸಾಲಿಗೇ ಪುಸ್ತಕ ಮುಚ್ಚುತ್ತಾರೆ. ದೃಢೀಕರಣ ಸಂಸ್ಕಾರಕ್ಕೆ ಮಗುವಿಗೊಂದು ಇಂಗ್ಲಿಷ್ ಬೈಬಲ್ ಕೊಡಿಸೋಣವೆಂದು ಅಂಗಡಿಗೆ ಹೋದರೆ ಅಲ್ಲಿ ಹತ್ತು ಬಗೆ. ಯಾವುದನ್ನು ಆರಿಸುವುದು? ಯಾವುದಾದರೇನು, ದೇವರ ವಾಕ್ಯ ಒಂದೇ ಅಲ್ಲವೇ ಎನ್ನುವವರೂ ಇದ್ದಾರೆ. ಅವರಿಗೆ ಜೆರೋಮರ ಕಾಲದ ಒಂದು ಪ್ರಸಂಗ ಹೇಳಬೇಕು.

ಪ್ರವಾದಿ ಯೋನನ ಕಥೆ ನಿಮಗೆ ಗೊತ್ತು. ನಿನೆವೆ ನಗರದ ಹೊರಗೆ ಬಿಸಿಲಿನಲ್ಲಿ ಮುನಿಸಿಕೊಂಡು ಕೂತವನಿಗೆ ದೇವರು ಒಂದು ಗಿಡ ಬೆಳೆಸಿ ನೆರಳು ಕೊಡುತ್ತಾರೆ. ಮರುದಿನ ಹುಳು ಬಿದ್ದು ಅದು ಒಣಗುತ್ತದೆ. ಹಳೆಯ ಲ್ಯಾಟಿನ್ ಅನುವಾದದಲ್ಲಿ ಆ ಗಿಡ ಸೋರೆಬಳ್ಳಿ. ಜೆರೋಮರು ಹೀಬ್ರೂ ಮೂಲವನ್ನು ನೋಡಿ ಅದನ್ನು ಐವಿ ಎಂಬ ಹಬ್ಬು ಬಳ್ಳಿಯಾಗಿ ಬದಲಿಸಿದರು. ಇಂದಿನ ಲಿಬಿಯಾದ ಟ್ರಿಪೊಲಿ, ಅಂದಿನ ಓಯಾ ಪಟ್ಟಣದಲ್ಲಿ ಧರ್ಮಾಧ್ಯಕ್ಷರೊಬ್ಬರು ಈ ಹೊಸ ಅನುವಾದವನ್ನು ದೇವಾಲಯದಲ್ಲಿ ಓದಿಸಿದಾಗ ಜನ ಗದ್ದಲವೆಬ್ಬಿಸಿದರು. ತಲೆಮಾರುಗಳಿಂದ ಕಿವಿಗೆ ರೂಢಿಯಾಗಿದ್ದ ಪದ ಹೋಯಿತಲ್ಲ! ಆ ಧರ್ಮಾಧ್ಯಕ್ಷರು ತಮ್ಮ ಭಕ್ತಾದಿಗಳನ್ನೇ ಕಳೆದುಕೊಳ್ಳುವ ಸ್ಥಿತಿ ಬಂತೆಂದು ಸಂತ ಅಗಸ್ಟೀನರು 403ರಲ್ಲಿ ಜೆರೋಮರಿಗೆ ಪತ್ರ ಬರೆದರು. ಆ ಹೀಬ್ರೂ ಗಿಡಕ್ಕೆ ಲ್ಯಾಟಿನ್‌ನಲ್ಲಿ ಹೆಸರೇ ಇಲ್ಲವೆಂಬುದು ಜೆರೋಮರ ಉತ್ತರ. ಅಗಲ ಎಲೆ, ದಟ್ಟ ನೆರಳು, ಆಸರೆಯಿಲ್ಲದೆ ತನ್ನ ಕಾಂಡದ ಮೇಲೆ ತಾನೇ ನಿಂತು ಬೇಗ ಬೆಳೆಯುವ ಗಿಡ ಎಂದು ಅವರು ವರ್ಣಿಸಿದರು.

ಗುಬ್ಬಿಯ ರೈತನಿಗೆ ಈ ವರ್ಣನೆ ಸಾಕು. ಹೊಲದ ಬದುವಿನಲ್ಲಿ, ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹರಳು ಗಿಡವದು. ಕೊಂಡಲಿ ಹುಳು ಬಿದ್ದರೆ ಎಲೆಯ ಗತಿ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂದಿನ ಪಂಡಿತರಲ್ಲಿ ಹಲವರು ಹೇಳುವುದೂ ಇದನ್ನೇ.

ಈಗ ಇಂಗ್ಲಿಷ್ ಬೈಬಲ್‌ಗಳಲ್ಲಿ ಇದೇ ಪದವನ್ನು ಹುಡುಕಿ. 1611ರ ಕಿಂಗ್ ಜೇಮ್ಸ್‌ನಲ್ಲಿ ಸೋರೆ. 1966ರ ಜೆರೂಸಲೆಂ ಬೈಬಲ್‌ನಲ್ಲಿ ನೇರವಾಗಿ ಹರಳು ಗಿಡ. ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್, ಗುಡ್ ನ್ಯೂಸ್ ಬೈಬಲ್, ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್ ಮೂರರಲ್ಲೂ ಬರೀ 'ಪ್ಲಾಂಟ್'. 1989ರ ನ್ಯೂ ರಿವೈಸ್ಡ್‌ನಲ್ಲಿ ಪೊದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅನುವಾದಕರು ಒಂದೊಂದು ಕಡೆ ಒಂದೊಂದು ತೀರ್ಮಾನಕ್ಕೆ ಬಂದಿದ್ದಾರೆ, ಅಷ್ಟೇ. ಮೂಲದ ಪದಕ್ಕೆ ಪದ ಇಡುವುದು ಒಂದು ದಾರಿ, ಓದುಗನಿಗೆ ಅರ್ಥ ಮುಟ್ಟಿಸುವುದು ಇನ್ನೊಂದು. ಗುಡ್ ನ್ಯೂಸ್ ಎರಡನೆಯ ದಾರಿಯದು. ಇಂಗ್ಲಿಷನ್ನು ಶಾಲೆಯಲ್ಲಷ್ಟೇ ಕಲಿತ ಹತ್ತು ಹನ್ನೆರಡು ವರ್ಷದ ಮಗುವಿಗೆ ನಾವು ಕೊಡುವುದಾದರೆ ಇದರ ಕಥೋಲಿಕ ಆವೃತ್ತಿಯನ್ನೇ ಕೊಡುತ್ತೇವೆ. ಪಿಯುಸಿ ದಾಟಿದವರಿಗೆ ಮೊದಲ ದಾರಿಯ ಅನುವಾದ ಒಳ್ಳೆಯದು.

ಆ ಬಗೆಯದರಲ್ಲಿ ನಮಗೆ ಹತ್ತಿರದ್ದು ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್‌ನ ಕಥೋಲಿಕ ಆವೃತ್ತಿ. 2018ರಲ್ಲಿ ಇದು ಮೊದಲು ಅಚ್ಚಾದದ್ದು ನಮ್ಮ ಬೆಂಗಳೂರಿನ ಏಷ್ಯನ್ ಟ್ರೇಡಿಂಗ್ ಕಾರ್ಪೊರೇಷನ್‌ನಿಂದ, ಭಾರತದ ಧರ್ಮಾಧ್ಯಕ್ಷರ ಮಂಡಳಿಯ ಅನುಮತಿಯೊಂದಿಗೆ. ಇದೇ ಅನುವಾದದ ಇಂಗ್ಲಿಷ್ ವಾಚನ ಗ್ರಂಥ 2020ರ ಏಪ್ರಿಲ್ 5ರ ಗರಿಗಳ ಭಾನುವಾರ ನಮ್ಮ ದೇಶದಲ್ಲಿ ಬಳಕೆಗೆ ಬಂತು. ಕೊರೊನಾದಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದ್ದ ದಿನಗಳವು. ಹೊಸ ವಾಚನವನ್ನು ಕೇಳಲು ಪೀಠದ ಮುಂದೆ ಜನರೇ ಇರಲಿಲ್ಲ. 2024ರ ಆಗಮನ ಕಾಲದಿಂದ ಇಂಗ್ಲೆಂಡಿನ ಕಥೋಲಿಕರೂ ಇದೇ ಅನುವಾದವನ್ನು ಪೂಜೆಯಲ್ಲಿ ಕೇಳುತ್ತಿದ್ದಾರೆ. ಇಂಗ್ಲಿಷ್ ಪೂಜೆಯಲ್ಲಿ ಕೇಳಿದ ಪದವೇ ಮನೆಯ ಪುಸ್ತಕದಲ್ಲೂ ಇದ್ದರೆ ಮಗುವಿನ ನೆನಪಿನಲ್ಲಿ ಅದು ಬೇರೂರುತ್ತದೆ. ಕೊರತೆಯೂ ಇಲ್ಲದಿಲ್ಲ. ಪೌಲರ ಪತ್ರಗಳಲ್ಲಿ ಇದು 'ಸಹೋದರರೇ' ಎಂದಷ್ಟೇ ಹೇಳಿ, ಸಹೋದರಿಯರನ್ನು ಅಡಿಟಿಪ್ಪಣಿಗೆ ಇಳಿಸುತ್ತದೆ. ಭಾನುವಾರದ ಪೂಜೆಗೆ ಬರುವವರಲ್ಲಿ ಹೆಂಗಸರೆಷ್ಟೆಂದು ಬಲ್ಲ ನಮಗೆ ನ್ಯೂ ರಿವೈಸ್ಡ್‌ನ 'ಸಹೋದರ ಸಹೋದರಿಯರೇ' ಹೆಚ್ಚು ಹಿಡಿಸುತ್ತದೆ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಪರಿವಿಡಿ. ನಮ್ಮ ಬೈಬಲ್‌ನಲ್ಲಿ 73 ಗ್ರಂಥಗಳಿವೆ. ಪ್ರೊಟೆಸ್ಟೆಂಟ್ ಸಹೋದರರ ಬೈಬಲ್‌ನಲ್ಲಿ 66. ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು ಅದರಲ್ಲಿ ಇರುವುದಿಲ್ಲ. ಮದುವೆಯ ಪೂಜೆಗೆ ತೋಬಿತ ಗ್ರಂಥದ ಪ್ರಾರ್ಥನೆಯನ್ನು ವಾಚನವಾಗಿ ಆರಿಸಿದ ವಧು, ತನ್ನ ಮೊಬೈಲಿನ ಬೈಬಲ್‌ನಲ್ಲಿ ಆ ಗ್ರಂಥವೇ ಸಿಗದೆ ಕಂಗಾಲಾಗಬಾರದು. ಮೃತರಿಗಾಗಿ ಪ್ರಾರ್ಥಿಸುವ ಮಾತು ಬರುವ ಮಕ್ಕಬಿಯರ ಎರಡನೆಯ ಗ್ರಂಥವೂ ಹಾಗೆಯೇ. ಮುದ್ರಣದ ಆರಂಭದ ಪುಟಗಳಲ್ಲಿ ಧರ್ಮಸಭೆಯ ಅನುಮತಿ ಇದೆಯೇ ಎಂಬುದನ್ನೂ ನೋಡಿ. ಇದು ಅನ್ಯ ಸಭೆಯವರನ್ನು ಕೀಳಾಗಿ ಕಾಣುವ ಮಾತಲ್ಲ. ಕನ್ನಡದಲ್ಲಿ ಮೊದಲ ಪೂರ್ಣ ಬೈಬಲ್ 1831ರಲ್ಲಿ ಬಂದದ್ದು ಬಳ್ಳಾರಿಯ ಪ್ರೊಟೆಸ್ಟೆಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. 1830ರ ದಶಕದಲ್ಲಿ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿದರು; ಅವರ ಜೊತೆಗಾರ ವಿಲಿಯಂ ಆರ್ಥರ್ ಇಲ್ಲಿನ ಅನುಭವವನ್ನು 1847ರಲ್ಲಿ ಪುಸ್ತಕವಾಗಿಸಿದರು. ದೇವರ ವಾಕ್ಯ ಸಾರಲು ಅವರು ನಮ್ಮೂರಿಗೆ ಬಂದು ಕನ್ನಡ ಕಲಿತರು. ಅದನ್ನು ಕೇಳಲು ನಮ್ಮೂರ ಮಕ್ಕಳಿಗೆ ಈಗ ಇಂಗ್ಲಿಷ್ ಬೇಕಾಗಿದೆ!

ವಿವರಣೆಗಳಿರುವ ಬೈಬಲ್ ಬೇಕೆನ್ನುವವರಿಗೆ ನ್ಯೂ ಕಮ್ಯೂನಿಟಿ ಬೈಬಲ್ ಇದೆ. 2008ರಲ್ಲಿ ಮುಂಬಯಿಯಲ್ಲಿ ಹೊರಬಂದಾಗ, ಅದರಲ್ಲಿದ್ದ ಭಾರತೀಯ ಉಡುಗೆಯ ಚಿತ್ರಗಳೂ ಹಿಂದೂ ಗ್ರಂಥಗಳ ಉಲ್ಲೇಖಗಳೂ ವಿವಾದಕ್ಕೆ ಗುರಿಯಾದವು. ಪರಿಷ್ಕೃತ ಮುದ್ರಣ 2011ರಲ್ಲಿ ಬಂತು. ಟಿಪ್ಪಣಿಗಳು ದೇವರ ವಾಕ್ಯವಲ್ಲ, ಪಂಡಿತರ ಮಾತು ಎಂಬ ಎಚ್ಚರದಿಂದ ಓದಿದರೆ ಉಪಯುಕ್ತ.

ಒಂದು ಕಳವಳವನ್ನು ಮುಚ್ಚಿಡಲಾರೆವು. ಇಂಗ್ಲಿಷ್ ಬೈಬಲ್ ಬಂದ ಮನೆಯಲ್ಲಿ ಕನ್ನಡ ಬೈಬಲ್ ಕಪಾಟು ಸೇರಿದರೆ ಅಜ್ಜಿಯೂ ಮೊಮ್ಮಗುವೂ ಬೇರೆ ಬೇರೆ ಪ್ರಾರ್ಥಿಸುವಂತಾಗುತ್ತದೆ. ನಮ್ಮ ಕನ್ನಡ ಬೈಬಲ್‌ನಲ್ಲಿ ಯೇಸು 'ಹೇಳಿದರು'. ಆ ಗೌರವದ ಬಹುವಚನ ಯಾವ ಇಂಗ್ಲಿಷ್ ಅನುವಾದದಲ್ಲೂ ಇಲ್ಲ, ಇರಲು ಆ ಭಾಷೆಯಲ್ಲಿ ಎಡೆಯೂ ಇಲ್ಲ. ಆದ್ದರಿಂದ ಸಂಜೆ ಜಪಸರದ ನಂತರ ಹಿರಿಯರೊಬ್ಬರು ಕನ್ನಡದಲ್ಲಿ ಓದಲಿ, ಅದೇ ಭಾಗವನ್ನು ಮಗು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಲಿ. ಯೋನನ ಗ್ರಂಥದಿಂದಲೇ ಆರಂಭಿಸಬಹುದು. ನಾಲ್ಕೇ ಅಧ್ಯಾಯ, 48 ವಾಕ್ಯ, ನಾಲ್ಕು ಸಂಜೆಗೆ ಮುಗಿಯುತ್ತದೆ. ಕೊನೆಯ ಸಂಜೆ ಮಗು 'ಪ್ಲಾಂಟ್' ಎಂದು ಓದಿದಾಗ, ಅದು ಯಾವ ಗಿಡವೆಂದು ಹೇಳುವ ಕೆಲಸವನ್ನು ಅಜ್ಜಿಗೆ ಬಿಡಿ.