ಕಂಬಳಿಯೊಳಗಿನ ವಿಷ

1943ರ ಡಿಸೆಂಬರ್ 2, ಗುರುವಾರ. ಇಟಲಿಯ ಆಡ್ರಿಯಾಟಿಕ್ ಕರಾವಳಿಯ ಬಾರಿ ಎಂಬ ಊರಿನ ಬಂದರಿನಲ್ಲಿ ಕತ್ತಲಾದ ಮೇಲೂ ದೀಪಗಳು ಉರಿಯುತ್ತಿದ್ದವು. ಯುದ್ಧಕಾಲದಲ್ಲಿ ಬಂದರಿಗೆ ದೀಪ ಹಚ್ಚುವುದೆಂದರೆ ಶತ್ರುವನ್ನು ಕೈಬೀಸಿ ಕರೆದಂತೆ. ಆದರೆ ಕೆಲಸ ಮುಗಿಯುವಂತಿರಲಿಲ್ಲ. ಮೂವತ್ತರಷ್ಟು ಹಡಗುಗಳು ಒತ್ತೊತ್ತಾಗಿ ನಿಂತು ಸರಕು ಇಳಿಸುವ ಸರದಿಗೆ ಕಾಯುತ್ತಿದ್ದವು. ಉತ್ತರದಲ್ಲಿ ಜರ್ಮನರೊಡನೆ ಕಾದಾಡುತ್ತಿದ್ದ ಬ್ರಿಟನ್ನಿನ ಎಂಟನೇ ಸೈನ್ಯಕ್ಕೆ, ಅದರ ಜೊತೆಗಿದ್ದ 8ನೇ ಭಾರತೀಯ ಡಿವಿಜನ್ನಿಗೂ, ಮದ್ದುಗುಂಡು ಪೆಟ್ರೋಲು ಎಲ್ಲವೂ ಇಲ್ಲಿಂದಲೇ ಹೋಗಬೇಕಿತ್ತು. ಅದೇ ಮಧ್ಯಾಹ್ನ ಬ್ರಿಟಿಷ್ ವಾಯುಪಡೆಯ ಹಿರಿಯ ಅಧಿಕಾರಿ ಆರ್ಥರ್ ಕನಿಂಗ್‌ಹ್ಯಾಮ್ ಪತ್ರಕರ್ತರನ್ನು ಕರೆಸಿ, ಜರ್ಮನ್ ವಿಮಾನಗಳು ಈ ಕಡೆ ದೊಡ್ಡ ದಾಳಿಗೆ ಬಂದರೆ ಅದು ತನಗೇ ಮಾಡಿದ ಅವಮಾನ ಎಂದು ಹೇಳಿದ್ದ.

ಸಂಜೆ ಏಳೂವರೆಯ ಹೊತ್ತಿಗೆ ನೂರಕ್ಕೂ ಹೆಚ್ಚು ಜರ್ಮನ್ ಬಾಂಬರುಗಳು ಬಂದವು. ದಾಳಿ ನಡೆದದ್ದು ಇಪ್ಪತ್ತು ನಿಮಿಷಗಳಷ್ಟೇ. ಪೆಟ್ರೋಲಿನ ಕೊಳವೆ ಒಡೆದು, ನೀರಿನ ಮೇಲೆ ಹರಡಿದ ಇಂಧನಕ್ಕೆ ಬೆಂಕಿ ಹತ್ತಿತು. ಮದ್ದುಗುಂಡು ತುಂಬಿದ್ದ ಹಡಗುಗಳು ಸಿಡಿದಾಗ ಮೈಲುಗಟ್ಟಲೆ ದೂರದ ಮನೆಗಳ ಕಿಟಕಿ ಗಾಜು ಪುಡಿಯಾಯಿತು. ಹದಿನೇಳು ಹಡಗುಗಳು ಮುಳುಗಿದವು. ಅವುಗಳಲ್ಲಿ ಒಂದು ಅಮೆರಿಕದ ಜಾನ್ ಹಾರ್ವೆ. ನಾಲ್ಕು ದಿನದಿಂದ ಅದು ಸರದಿ ಕಾಯುತ್ತ ನಿಂತಿತ್ತು. ತನ್ನ ಹೊಟ್ಟೆಯಲ್ಲಿ ಏನಿದೆ ಎಂದು ಬಹಿರಂಗವಾಗಿ ಹೇಳಿ ಮೊದಲು ಇಳಿಸಿಕೊಳ್ಳುವಂತೆ ಕೇಳಲು ಅದರ ಕಪ್ತಾನನಿಗೆ ಅಪ್ಪಣೆ ಇರಲಿಲ್ಲ. ಆ ಹಡಗು ಬೆಂಕಿ ಹತ್ತಿ ಸಿಡಿಯಿತು. ಅದರ ಮೇಲಿದ್ದವರೆಲ್ಲ ಸತ್ತರು. ಅದರ ಸರಕನ್ನು ಕಾಯಲೆಂದೇ ಜೊತೆಗೆ ಬಂದಿದ್ದ ಪರಿಣತ ಸೈನಿಕರೂ ಉಳಿಯಲಿಲ್ಲ. ಗುಟ್ಟು ಬಲ್ಲವರು ಗುಟ್ಟಿನೊಡನೆಯೇ ನೀರಿನ ತಳ ಸೇರಿದರು.

ಉಳಿದ ಹಡಗುಗಳ ನಾವಿಕರು ನೂರಾರು ಮಂದಿ ನೀರಿಗೆ ಹಾರಿದ್ದರು. ಬಂದರಿನ ನೀರಿನ ಮೇಲೆ ಕಪ್ಪು ಎಣ್ಣೆ ದಪ್ಪಗೆ ತೇಲುತ್ತಿತ್ತು. ಈಜಿ ದಡ ಸೇರಿದವರ ತಲೆಕೂದಲಿನಿಂದ ಕಾಲ್ಬೆರಳಿನವರೆಗೆ ಎಣ್ಣೆ. ಕೆಲವರಿಗೆ ಬೆಳ್ಳುಳ್ಳಿಯ ವಾಸನೆ ಬಂದಿತ್ತು. ಇಟಲಿಯ ಊರು, ಮನೆಮನೆಯಲ್ಲೂ ಬೆಳ್ಳುಳ್ಳಿ. ಯಾರೂ ಅದನ್ನು ಲೆಕ್ಕಕ್ಕೆ ಇಡಲಿಲ್ಲ.

ಆಸ್ಪತ್ರೆಗಳು ಗಳಿಗೆಯೊಳಗೆ ತುಂಬಿಹೋದವು. ರಕ್ತ ಸುರಿಯುತ್ತಿದ್ದವರು, ಸುಟ್ಟವರು, ಕೈಕಾಲು ಕಳೆದುಕೊಂಡವರು ಮೊದಲು. ಮೈಮೇಲೆ ಗಾಯವಿಲ್ಲದೆ ಬರೀ ನೆನೆದು ನಡುಗುತ್ತಿದ್ದವರು ಆಮೇಲೆ. ಅವರಿಗೆ ದಾದಿಯರು ಕಂಬಳಿ ಹೊದಿಸಿದರು, ಬಿಸಿ ಚಹಾ ಕುಡಿಸಿದರು, ಮೂಲೆಯಲ್ಲಿ ಕೂರಿಸಿದರು. ಎಣ್ಣೆ ಮೆತ್ತಿದ ಒದ್ದೆ ಬಟ್ಟೆ ಬಿಚ್ಚಿಸಿ ಸ್ನಾನ ಮಾಡಿಸಲು ನೀರೂ ಇರಲಿಲ್ಲ, ಕೈಗಳೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಅಂಥ ರಾತ್ರಿ ಯಾವ ಆಸ್ಪತ್ರೆಯೂ ಮಾಡಬಹುದಾದ್ದನ್ನೇ ಅವರು ಮಾಡಿದರು. ಎಷ್ಟೋ ಜನ ಬೆಳಗಿನವರೆಗೂ ಅದೇ ಬಟ್ಟೆಯಲ್ಲಿ, ಅದೇ ಕಂಬಳಿಯೊಳಗೆ, ಬೆಚ್ಚಗೆ ಕೂತಿದ್ದರು.

ಕಡಲಿನಲ್ಲೂ ಇಂಥದೇ ಒಂದು ಉಪಕಾರ ನಡೆದಿತ್ತು. ಬಿಸ್ಟರ್ ಎಂಬ ಬ್ರಿಟಿಷ್ ಯುದ್ಧನೌಕೆ ನೀರಿನಲ್ಲಿ ಒದ್ದಾಡುತ್ತಿದ್ದ ಸುಮಾರು ಮೂವತ್ತು ಜನರನ್ನು ಮೇಲೆತ್ತಿಕೊಂಡು ಟಾರಂಟೋ ಬಂದರಿನ ಕಡೆ ಹೊರಟಿತು. ಕೆಲವು ಗಂಟೆ ಕಳೆಯುವಷ್ಟರಲ್ಲಿ ಎತ್ತಿದವರ ಕಣ್ಣೂ ಉರಿಯತೊಡಗಿತು. ರೆಪ್ಪೆ ಊದಿ ಮುಚ್ಚಿಕೊಂಡಿತು. ಟಾರಂಟೋ ತಲುಪಿದಾಗ ಹಡಗನ್ನು ದಕ್ಕೆಗೆ ಕಟ್ಟಲು ಅಧಿಕಾರಿಗಳೂ ನಾವಿಕರೂ ತಡಕಾಡುತ್ತಿದ್ದರು. ಬೇರೆಯವರನ್ನು ಕಾಪಾಡಲು ಕೈ ನೀಡಿದ್ದೊಂದೇ ಅವರು ಮಾಡಿದ್ದ ಕೆಲಸ.

ಬಾರಿಯ ಆಸ್ಪತ್ರೆಗಳಲ್ಲಿ ಬೆಳಗಾಗುವಷ್ಟರಲ್ಲಿ ಅದೇ ಕತೆ. ಕಣ್ಣು ಕಾಣುವುದಿಲ್ಲ ಎಂಬ ಕೂಗು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹಬ್ಬಿತು. ಮೈಮೇಲೆ ನೀರು ತುಂಬಿದ ದೊಡ್ಡ ದೊಡ್ಡ ಬೊಬ್ಬೆಗಳು ಎದ್ದವು. ಬೆಂಕಿಯ ಹತ್ತಿರವೇ ಸುಳಿಯದವರಿಗೆ ಸುಟ್ಟಗಾಯ ಎಲ್ಲಿಂದ ಬರಬೇಕು? ವೈದ್ಯರನ್ನು ಇನ್ನೂ ದಿಗಿಲುಗೊಳಿಸಿದ್ದು ಸಾವಿನ ರೀತಿ. ರಕ್ತದೊತ್ತಡ ಪಾತಾಳಕ್ಕಿಳಿದ ರೋಗಿ ಆಘಾತಕ್ಕೊಳಗಾದವನಂತೆ ಚಡಪಡಿಸುತ್ತಿರಲಿಲ್ಲ. ನೋವು ಎನ್ನುತ್ತಿರಲಿಲ್ಲ. ಹೇಗಿದ್ದೀಯ ಎಂದರೆ ಪರವಾಗಿಲ್ಲ ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತಿದ್ದ. ಪ್ಲಾಸ್ಮಾ ಕೊಟ್ಟರೂ ಬೆಚ್ಚಗಿಟ್ಟರೂ ಔಷಧಿ ಚುಚ್ಚಿದರೂ ಏನೂ ನಾಟಲಿಲ್ಲ. ದಾಳಿಯಾಗಿ ಹದಿನೆಂಟು ಗಂಟೆಗೆ ಇಂಥ ಮೊದಲ ಸಾವು. ಕಾಯಿಲೆಯ ಹೆಸರು ಬರೆಯುವ ಜಾಗದಲ್ಲಿ ವೈದ್ಯರು ಚರ್ಮದ ಉರಿಯೂತ, ಕಾರಣ ಇನ್ನೂ ಗೊತ್ತಾಗಿಲ್ಲ ಎಂದು ಬರೆದು ಸುಮ್ಮನಾದರು.

ಸುದ್ದಿ ಅಲ್ಜೀರ್ಸ್‌ನಲ್ಲಿದ್ದ ಜನರಲ್ ಐಸೆನ್‌ಹೋವರನ ಕೇಂದ್ರ ಕಚೇರಿ ಮುಟ್ಟಿತು. ಅಲ್ಲಿಂದ ಹೊರಟು ಬಂದವನು ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟ್ ಅಲೆಕ್ಸಾಂಡರ್. ವಯಸ್ಸು 29. ನ್ಯೂಜೆರ್ಸಿಯ ವೈದ್ಯ. ಮೇರಿಲ್ಯಾಂಡಿನ ಎಜ್‌ವುಡ್ ಪ್ರಯೋಗಾಲಯದಲ್ಲಿ ರಾಸಾಯನಿಕ ಅಸ್ತ್ರಗಳು ಮೈಮೇಲೆ ಏನು ಮಾಡುತ್ತವೆಂದು ಅಭ್ಯಾಸ ಮಾಡಿದ್ದವನು. ಡಿಸೆಂಬರ್ 7ರಂದು ಅವನು ಬಾರಿಯ ಬ್ರಿಟಿಷ್ ಆಸ್ಪತ್ರೆಯ ಒಳಗೆ ಕಾಲಿಟ್ಟಾಗ ಮೊದಲು ಎದುರಾದದ್ದು ರೋಗಿಯಲ್ಲ, ವಾಸನೆ. ಔಷಧಿ, ಬೆವರು, ಕೀವುಗಳ ನಡುವಿನಿಂದ ತೆಳ್ಳಗೆ ಬೆಳ್ಳುಳ್ಳಿಯಂಥ ಒಂದು ವಾಸನೆ. ಎಜ್‌ವುಡ್‌ನಲ್ಲಿ ಅವನ ಮೂಗಿಗೆ ಪರಿಚಯವಾಗಿದ್ದ ವಾಸನೆ ಅದು.

ಒಂದೊಂದೇ ಹಾಸಿಗೆಯ ಬಳಿ ಅವನು ನಿಂತ. ಬೊಬ್ಬೆಗಳ ಅಂಚನ್ನು ನೋಡಿದ. ಯಾವ ಯಾವ ಭಾಗ ಎಣ್ಣೆಯಲ್ಲಿ ಮುಳುಗಿತ್ತೋ, ಯಾವ ಯಾವ ಭಾಗಕ್ಕೆ ಒದ್ದೆ ಬಟ್ಟೆ ಅಂಟಿಕೊಂಡಿತ್ತೋ ಅಲ್ಲೇ ಗಾಯ ಹೆಚ್ಚು. ಅವನ ಅನುಮಾನ ಗಟ್ಟಿಯಾಯಿತು. ಬಂದರಿನ ಬ್ರಿಟಿಷ್ ಅಧಿಕಾರಿಗಳ ಬಳಿ ಹೋಗಿ ನೇರವಾಗಿ ಕೇಳಿದ: ಇಲ್ಲಿ ಸಾಸಿವೆ ಅನಿಲ ತಂದ ಹಡಗು ಇತ್ತೇ? ಇಲ್ಲ ಎಂಬುದೇ ಉತ್ತರ. ಮತ್ತೆ ಕೇಳಿದ. ಮತ್ತೆ ಇಲ್ಲ. ಹಾಗಾದರೆ ಜರ್ಮನರು ಹಾಕಿರಬೇಕೆ? ಇರಬಹುದು ಎನ್ನುವ ಮಾತುಗಳು ತೇಲಿಬಂದವು. ಆ ಮಾತನ್ನು ಅವನು ಒಪ್ಪಿದ್ದರೆ ಏನಾಗುತ್ತಿತ್ತೆಂದು ಊಹಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ. ಶತ್ರು ವಿಷ ಬಳಸಿದರೆ ತಿರುಗಿ ವಿಷವನ್ನೇ ಪ್ರಯೋಗಿಸುವೆವೆಂದು ರೂಸ್ವೆಲ್ಟ್ ಅದೇ ವರ್ಷದ ಜೂನ್‌ನಲ್ಲಿ ಲೋಕಕ್ಕೇ ಸಾರಿದ್ದ.

ಯಾರೂ ಬಾಯಿ ಬಿಡದಿದ್ದಾಗ ಅಲೆಕ್ಸಾಂಡರ್ ಸತ್ತವರನ್ನೇ ಕೇಳಿದ. ಬಂದರಿನ ನಕ್ಷೆಯೊಂದನ್ನು ತರಿಸಿ, ದಾಳಿಯ ರಾತ್ರಿ ಯಾವ ಹಡಗು ಎಲ್ಲಿ ನಿಂತಿತ್ತೆಂದು ಗುರುತಿಸಿದ. ಆಸ್ಪತ್ರೆಯ ದಾಖಲೆ ಹಿಡಿದು, ವಿಷದ ಲಕ್ಷಣಗಳೊಡನೆ ಸತ್ತವನು ಯಾವ ಹಡಗಿನವನು ಎಂದು ಒಂದೊಂದಾಗಿ ನಕ್ಷೆಗೆ ಇಳಿಸಿದ. ಬೇಸರದ, ಕರುಳು ಹಿಂಡುವ ಲೆಕ್ಕ ಅದು. ಅಂಕಿಗಳು ಒಂದೆಡೆ ಗುಡ್ಡೆಗಟ್ಟುತ್ತ ಬಂದವು. ದೂರದ ಹಡಗುಗಳಲ್ಲಿ ಸಾವು ವಿರಳ, ಹತ್ತಿರ ಬಂದಂತೆ ದಟ್ಟ. ಆ ದಟ್ಟಣೆಯ ನಟ್ಟನಡುವೆ ಒಂದೇ ಹೆಸರು: ಜಾನ್ ಹಾರ್ವೆ.

ನಕ್ಷೆ ಬೆರಳು ತೋರಿಸಬಹುದು, ಸಾಕ್ಷಿ ಹೇಳಲಾರದು. ಸಾಕ್ಷಿ ಬಂದದ್ದು ನೀರಿನ ತಳದಿಂದ. ಬಂದರಿನಲ್ಲಿ ಮುಳುಗಿ ಹುಡುಕುತ್ತಿದ್ದವನೊಬ್ಬನಿಗೆ ಒಡೆದ ಬಾಂಬಿನ ಕವಚವೊಂದು ಸಿಕ್ಕಿತು. ಜರ್ಮನ್ ಬಾಂಬ್ ಇರಬಹುದೆಂದು ಎಲ್ಲರೂ ಕಾದಿದ್ದರು. ಗುರುತು ಓದಿದಾಗ ಅದು ಅಮೆರಿಕದ ಎಂ47ಎ1 ಬಾಂಬು. ಅದರಲ್ಲಿ ತುಂಬುತ್ತಿದ್ದದ್ದು ಸಾಸಿವೆ ಅನಿಲ. ತಮ್ಮದೇ ವಿಷ ತಮ್ಮವರನ್ನೇ ಕೊಂದಿತ್ತು. ಜಾನ್ ಹಾರ್ವೆಯಲ್ಲಿ ಅಂಥ 2000 ಬಾಂಬುಗಳಿದ್ದವು, ಒಂದೊಂದರಲ್ಲೂ ಮೂವತ್ತು ಕಿಲೋ ಆಸುಪಾಸು ವಿಷ. ಜರ್ಮನರು ಮೊದಲು ಬಳಸಿದರೆ ತಿರುಗೇಟು ಕೊಡಲೆಂದು ಗುಟ್ಟಾಗಿ ತಂದು ಇಟ್ಟ ದಾಸ್ತಾನು.

ಕಂಡುಹಿಡಿದದ್ದನ್ನು ಹೇಳುವುದು ಕಂಡುಹಿಡಿಯುವುದಕ್ಕಿಂತ ಕಷ್ಟವಾಯಿತು. ಐಸೆನ್‌ಹೋವರ್ ವರದಿಯನ್ನು ಒಪ್ಪಿದ. ಚರ್ಚಿಲ್ ಒಪ್ಪಲಿಲ್ಲ, ಈ ಲಕ್ಷಣಗಳು ಸಾಸಿವೆ ಅನಿಲದವಲ್ಲ, ರೋಗಿಗಳನ್ನು ಮತ್ತೊಮ್ಮೆ ಪರೀಕ್ಷಿಸಲಿ ಎಂದ. ಬ್ರಿಟಿಷ್ ದಾಖಲೆಗಳಲ್ಲಿ ಆ ಪದವನ್ನೇ ಅಳಿಸಿ, ಶತ್ರು ದಾಳಿಯಿಂದಾದ ಸುಟ್ಟಗಾಯ ಎಂದು ಬರೆಸಲಾಯಿತು. 29ರ ಹರೆಯದ ವೈದ್ಯ ತನ್ನ ಮಾತನ್ನು ಬದಲಿಸಲಿಲ್ಲ. ಈ ಕತೆಯಲ್ಲಿ ಅವನ ಚುರುಕು ಮೂಗಿಗಿಂತ ಹೆಚ್ಚು ನೆನಪಿಡಬೇಕಾದದ್ದು ಆ ಹಟ. ವಿಷ ತಗುಲಿ ಆಸ್ಪತ್ರೆ ಸೇರಿದವರು ಆರುನೂರಕ್ಕೂ ಹೆಚ್ಚು, ಸತ್ತವರು 83. ಹೊಗೆಯೊಡನೆ ಆವಿ ಕುಡಿದ ಊರಿನವರ ಲೆಕ್ಕವನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ.

ನಡೆದದ್ದು ಇಷ್ಟು. ಸಾಸಿವೆ ಅನಿಲ ಎಂಬುದು ಹೆಸರಿಗಷ್ಟೇ ಅನಿಲ. ನಿಜಕ್ಕೂ ಅದು ಎಣ್ಣೆಯಂಥ ದ್ರವ. ನೀರಿನಲ್ಲಿ ಕರಗಲು ಹಿಂದೇಟು ಹಾಕುತ್ತದೆ, ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಬಂದರಿನ ಮೇಲೆ ತೇಲುತ್ತಿದ್ದ ಇಂಧನದಲ್ಲಿ ಅದು ಬೆರೆತಿತ್ತು. ಮೈಗೆ ತಗುಲಿದ ಕೆಲವೇ ನಿಮಿಷಗಳಲ್ಲಿ ಚರ್ಮದೊಳಗೆ ಕೆಲಸ ಶುರುವಾಗುತ್ತದೆ, ಆದರೆ ಗಂಟೆಗಟ್ಟಲೆ ನೋವೇ ಇರುವುದಿಲ್ಲ. ಬೊಬ್ಬೆ ಏಳುವಷ್ಟರಲ್ಲಿ ತೊಳೆಯುವ ಕಾಲ ಮೀರಿರುತ್ತದೆ. ಒದ್ದೆ ಬಟ್ಟೆ ವಿಷವನ್ನು ಚರ್ಮಕ್ಕೆ ಒತ್ತಿ ಹಿಡಿಯಿತು, ಕಂಬಳಿಯ ಬಿಸಿ ಅದನ್ನು ಒಳಕ್ಕೆ ಕಳಿಸಿತು, ಅದರೊಳಗೆ ಸೇರಿದ ಆವಿ ಕಣ್ಣಿಗೂ ಶ್ವಾಸಕೋಶಕ್ಕೂ ಹೋಯಿತು. ಮೊದಲ ಗಂಟೆಯಲ್ಲಿ ಬಟ್ಟೆ ಬಿಚ್ಚಿ ಸಾಬೂನು ಹಚ್ಚಿ ತೊಳೆದಿದ್ದರೆ ಎಷ್ಟೋ ಜನ ಬದುಕುತ್ತಿದ್ದರು. ಸತ್ತವರ ರಕ್ತದಲ್ಲಿ ಬಿಳಿ ರಕ್ತಕಣಗಳು ನೆಲಕಚ್ಚಿದ್ದನ್ನೂ ಅಲೆಕ್ಸಾಂಡರ್ ಗಮನಿಸಿ ಬರೆದಿದ್ದ. ಕ್ಯಾನ್ಸರಿಗೆ ಔಷಧಿ ಹುಡುಕುತ್ತಿದ್ದವರಿಗೆ ಆ ಟಿಪ್ಪಣಿ ಮುಂದೆ ದಾರಿದೀಪವಾಯಿತು, ಆದರೆ ಅದು ಬೇರೆಯೇ ಕತೆ.

1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ನರವಿಷ ಹರಡಿತು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಅದೇ ದಿನ 640 ಮಂದಿ ಬಂದರು. ಉಟ್ಟ ಬಟ್ಟೆಯಲ್ಲೇ ಬಂದವರನ್ನು ಗಾಳಿಯಾಡದ ಪ್ರಾರ್ಥನಾ ಮಂದಿರದಲ್ಲೂ ಮಲಗಿಸಬೇಕಾಯಿತು. ಆಸ್ಪತ್ರೆಯ ಸಿಬ್ಬಂದಿಯಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಕಣ್ಣು ಮಂಜಾಗತೊಡಗಿತು. ಬಾರಿಯಲ್ಲಿ ನಡೆದದ್ದೇ ಇನ್ನೊಂದು ವಿಷದೊಡನೆ ಮತ್ತೆ ನಡೆದಿತ್ತು.

ಈಗ ರಾಸಾಯನಿಕ ಅವಘಡಕ್ಕೆ ಧಾವಿಸುವ ರಕ್ಷಣಾ ತಂಡಗಳು ಸ್ಥಳವನ್ನು ಮೂರು ವಲಯ ಮಾಡುತ್ತವೆ: ವಿಷವಿರುವಲ್ಲಿ ಕೆಂಪು, ತೊಳೆಯುವಲ್ಲಿ ಹಳದಿ, ಚಿಕಿತ್ಸೆಗೆ ಹಸಿರು. ಹಳದಿ ವಲಯ ದಾಟದೆ ಯಾರೂ ಹಸಿರಿಗೆ ಬರುವಂತಿಲ್ಲ, ರಕ್ಷಿಸಲು ಹೋದವರೂ ಬರುವಂತಿಲ್ಲ. ಗಾಯಾಳುವಿನ ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ ಮುಂದಿನಿಂದ ಕತ್ತರಿಸಿ, ಹೊರಗಿನ ಮೈ ಒಳಗಾಗುವಂತೆ ಸುರುಳಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಮೈಗಂಟಿದ ಹೆಚ್ಚಿನ ವಿಷ ಬಟ್ಟೆಯೊಡನೆಯೇ ಹೋಗುತ್ತದೆ. ಎಣ್ಣೆಯಂಥ ವಿಷವಾದರೆ ಮುಲ್ತಾನಿ ಮಣ್ಣಿನ ಪುಡಿಯನ್ನು ಮೈಗೆ ಹಾಕಿ ಹೀರಿಸಿ ಒರೆಸುವುದೂ ಉಂಟು. ಆಮೇಲೆ ಸಾಬೂನು, ಹೇರಳ ನೀರು. ರಕ್ಷಕ ತನ್ನ ಬೂಟು ಕೈಗವಸು ತೊಳೆಸಿಕೊಂಡು, ಉಡುಪನ್ನು ಒಳಹೊರಗು ಮಾಡಿ ಕಳಚಿ, ಮುಖವಾಡವನ್ನು ಎಲ್ಲಕ್ಕಿಂತ ಕಡೆಗೆ ತೆಗೆಯುತ್ತಾನೆ. ಕಂಬಳಿಯೂ ಅಲ್ಲಿರುತ್ತದೆ. ಹಳದಿ ವಲಯದ ಆಚೆ ಕೊನೆಯಲ್ಲಿ, ತೊಳೆದು ಒರೆಸಿದ ಮೈಗೆ.